ಹತ್ತು ಕಿಲೋದೊಳಗಿನದು

ಶಹಾಬಾದದ ಹೊರಗ, ಫರಸಿ ಕಾರ್ಖಾನಿಗಳ ಸಾಲಿನ ತುದಿಗೆ
ನಂದೊಂದು ಕಾಂಟಾ ಅದ. ನಂದಂದ್ರ ಸೇಠರದು,
ಖಿಡಕ್ಯಾಗ ಕೂಡೋದಷ್ಟ ನನ್ನ ಪಾಲು.
ಭರ್ತಿ ಲಾರಿ ಏರ್ತದ, ಬರೀತೀನಿ.
ಖಾಲಿ ಲಾರಿ ಏರ್ತದ, ಬರೀತೀನಿ.
ಕಳದು ಉಳಿದದ್ದು ಕಲ್ಲು.
ಹನ್ನೊಂದು ವರ್ಷದಾಗ ಇದೊಂದೇ ಲೆಕ್ಕ ಕಲಿತೀನಿ.

ಯುಗಾದಿ ಮುಂದ ಬೋರ್ಡಿನ ಮೇಡಂ ಬಂದಳು, ಸಣ್ಣ ಹುಡುಗಿ,
ಚಪ್ಪಲಿ ಕೈಯಾಗ ಹಿಡಕೊಂಡು ಹಳ್ಳಕ್ಕ ಇಳಿದಳು.
ಹಳ್ಳ ಅಂದ್ರ ಏನಿತ್ತು, ಬೂದಿಬಣ್ಣದ ಅಂಬಲಿ.
ಬಾಟಲಿ ತುಂಬಿ, ಬಿಸಿಲಿಗೆ ಹಿಡದು ನೋಡಿ
"ಇದನ್ನ ಕುಡೀತಾರೇನು?" ಅಂದಳು.
"ದನ ಕುಡೀತಾವ," ಅಂದೆ. "ದನದ ಹಾಲು ನಾವು."
ಅಕಿ ಬರಕೊಂಡಳು.
ನಾನೂ ಬರಿಯಾಕಿನೇ. ಕಾಗದಕ್ಕ ಬಿದ್ದದ್ದು
ವಾಪಸ್ ಬರಂಗಿಲ್ಲ, ಗೊತ್ತಿತ್ತು ನನಗ.

ಇಪ್ಪತ್ತೆರಡನೇ ದಿನಕ್ಕ ಗೇಟಿಗೆ ನೋಟೀಸ್ ಹಚ್ಚಿ ಕರೆಂಟ್ ಕಡದರು.
ಪಾಲಿಶ್ ಮಶೀನು ಎಲ್ಲಾ ಒಮ್ಮೆಲೆ ಸುಮ್ಮಾದಾಗ
ನಮ್ಮೋಣಿ ಕೂಸುಗಳು ಎದ್ದು ಅತ್ತವು.
ಆ ಗದ್ದಲ ಇಲ್ದ ಮಲಗಿ ಗೊತ್ತಿಲ್ಲ ಅವಕ್ಕ.

ಸಾಯಬಣ್ಣ ಬಂದ. ಪಾಲಿಶ್ ಕೆಲಸದಾಗ ಇಪ್ಪತ್ತು ವರ್ಷ,
ಕೆಮ್ಮಿದರ ಟವೆಲ್ಲಿಗೆ ಕಲ್ಲಿನ ಬಣ್ಣ.
"ಮಹಾನಂದಾ, ಒಂಬತ್ತು ದಿನಾತು, ರಾತ್ರಿ ಕೆಮ್ಮಿಲ್ಲ.
ನಿದ್ದಿ ಹತ್ತತದ. ನಿದ್ದ್ಯಾಗ ಹಸಿವೂ ಆಗ್ತದ," ಅಂತ ನಕ್ಕ.
ಅವನ ಹೇಣ್ತಿ ಗುಂಡಮ್ಮ ನಗಲಿಲ್ಲ.
ಕಿರಾಣಿಯವ ಉದ್ರಿ ಬಂದ್ ಮಾಡಿದ್ದ ಮುಂಜಾನಿ.
ಬೇವಿನ ಕೆಳಗ ಲಾಡ್ಲೇಸಾಬನ ಲಾರಿ,
ಟಾಯರಿನ ಸುತ್ತ ಹುಲ್ಲು ಎದ್ದಿತ್ತು.
"ಬ್ಯಾಂಕಿನ ಕಂತು ಹುಲ್ಲು ತಿಂತದೇನಕ್ಕಾ?" ಅಂದ.
ಹಳ್ಳದ ಆಚಿ ದಂಡಿಗೆ ಹಲೀಮಾಬೀ ಬಾವಿ:
ತಳ ಕಾಣ್ಲಾಕತ್ತಿತ್ತಂತ,
ಮದಿವ್ಯಾದ ವರ್ಷ ಬಿದ್ದ ಹಿತ್ತಾಳಿ ತಂಬಿಗಿ ಸುದ್ದಾ.

ಒಂದು ಮಧ್ಯಾಹ್ನ, ಕೆಲಸಿಲ್ದ, ನಾನೇ ಕಾಂಟಾ ಏರಿದೆ.
ಅರವತ್ತು ಅಂತು. ನಾ ಐವತ್ತೆರಡು.
ಇಪ್ಪತ್ತಿಪ್ಪತ್ತರ ಹೆಜ್ಜಿ ಇಡ್ತದದು,
ಹತ್ತು ಕಿಲೋದೊಳಗಿನದು ಅದರ ಕಣ್ಣಿಗೇ ಬೀಳಂಗಿಲ್ಲ.
ಗುಂಡಮ್ಮನ ಮೊಮ್ಮಗಳ ಕೂಡಿಸಿದೆ: ಸೊನ್ನೆ.
ಸಾಯಬಣ್ಣನ ಟವೆಲ್ಲು: ಸೊನ್ನೆ.
ಹಲೀಮಾಬೀ ತಂಬಿಗಿ, ನೀರು ತುಂಬಿಸಿಯೇ ಇಟ್ಟೆ: ಸೊನ್ನೆ.
ವಾರದ ಪಗಾರ ಇರಲಿಲ್ಲ ಇಡ್ಲಾಕ,
ಇದ್ದರೂ ಅದೇ.

ಎರಡೂ ಕಡಿ ತೂಗಿ ನೋಡ್ರಿ, ಅಂತ ಸೇಠರು ಅರ್ಜಿ ಬರೆಸ್ಯಾರ.
ಎರಡೂ ಕಡಿ ತೂಗೇ ನೋಡೀವಿ, ಅಂತ ಮ್ಯಾಲಿನವರ ಜವಾಬು.
ಯಾವ ಕಾಂಟಾದ ಮ್ಯಾಲ, ಕೇಳೋಣಂದ್ರ
ಈ ಖಿಡಕಿ ತನಕ ಯಾರೂ ಬರಲಿಲ್ಲ.

ಮೂರನೇ ತಿಂಗಳು ಏಳು ಮಂದಿ ಕೆಸರಿನ ಹೌದ ಕಟ್ಟಿಸಿದರು.
ನಾಕು ಮಂದಿ ಮಶೀನು ಮಾರಿ ಹೋದರು,
ಅವರ ಸಂಗಟ ಮೂವತ್ತಾರು ಆಳು. ಎಲ್ಲಿಗಂತ ನಾ ಬರಕೊಂಡಿಲ್ಲ.
ಬೆಲ್ಟು ಮತ್ತ ತಿರುಗ್ತು. ಕೂಸುಗಳು ಮಲಗಿದವು.

ಮೊದಲ ಲಾರಿ ಲಾಡ್ಲೇಸಾಬಂದೇ.
ಕಲ್ಲಲ್ಲ, ಹೌದದಾಗ ಒಣಗಿದ ಕೆಸರು.
ಭರ್ತಿ, ಖಾಲಿ, ಕಳದೆ:
ಹದಿಮೂರು ಸಾವಿರದ ನಾಕ್ನೂರಾ ಎಂಬತ್ತು.
ಇಷ್ಟು ದಿನ ಹಳ್ಳಕ್ಕ ಪುಕ್ಕಟೆ ಇಳದದ್ದು,
ಇವತ್ತ ಅದಕ್ಕೊಂದು ವಜನ ಬಂತು.

ಚೀಟಿ ಮ್ಯಾಲ ಪಾರ್ಟಿ ಹೆಸರು ಅಂತ ಒಂದು ಗೆರಿ ಅದ.
"ಬಾಡಗಿ ಯಾರ ಹೆಸರಿಗ್ರಿ?" ಫೋನ್ ಹಚ್ಚಿ ಕೇಳಿದೆ.
"ಆಳಿನ ಪಗಾರದಾಗ ಹಿಡಿ, ತಲಿಗೆ ಮೂವತ್ತು," ಅಂದರು ಸೇಠರು.
ಸಾಯಬಣ್ಣ ಖಿಡಕಿ ಹಿಡಕೊಂಡು ನಿಂತಿದ್ದ.
ಕೆಮ್ಮಿದ, ಒಂದೇ ಸಲ, ಸಣ್ಣಗ.
ಪುಣೆದಾಗ ಯಾರದೋ ಹೊಸ ಮನಿ ನೆನಪಾತು, ನಾ ಕಾಣದ್ದು,
ನಮ್ಮ ಫರಸಿ ಮ್ಯಾಲ ಬರಿಗಾಲಿಲೆ ನಡಿಯಾವರು,
ತಣ್ಣಗದ ಅನ್ನಾವರು. ಅವರ ಹೆಸರೂ ಗೊತ್ತಿಲ್ಲ.

ಹಿಂದ ಹಾರ್ನ್ ಹೊಡದರು.
ಗೆರಿ ಹಂಗೇ ಬಿಟ್ಟು ಚೀಟಿ ಹರದು ಕೊಟ್ಟೆ.
ಬಿಳಿದು ಡ್ರೈವರಿಗೆ, ಗುಲಾಬಿ ಆಫೀಸಿಗೆ.
ಹಳದಿದು ನನ್ನ ಹಂತ್ಯಾಕ ಅದ,
ಕಾರ್ಬನ್ ಛಲೋ ಹತ್ಯಾದ,
ಆ ಜಾಗಾ ಖಾಲಿನೇ ಮೂಡ್ಯಾದ.